ಥೈಲ್ಯಾಂಡ್ ಕೋನಪ್ಪನ ಎರಡನೇ ಹಿಡಿ

ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗಿರಬೇಕು ಅಂತ ದೊಡ್ಡವರು ಹೇಳಿದ್ದಾರೆ. ಹೊಡೆಸಿಕೊಂಡ ಸತ್ಯ ಎದ್ದು ಕೂತು ಆಮೇಲೆ ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಿಹೋಗಿಲ್ಲ. ಅದನ್ನು ಅನುಭವಿಸಿ ಲೋಕಕ್ಕೆ ತಿಳಿಸುವ ಭಾರ ಶಿಡ್ಲಘಟ್ಟದ ಕೋನಪ್ಪನ ಹೆಗಲಿಗೆ ಬಿತ್ತು.

ಕೋನಪ್ಪ ರೇಷ್ಮೆ ತರಬೇತಿ ಕೇಂದ್ರದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದ. ಹಳ್ಳಿ ಹಳ್ಳಿ ಸುತ್ತಿ, ರೈತರ ಹುಳದ ಮನೆಗಳಿಗೆ ಹೋಗಿ, ಹುಳಕ್ಕೆ ಸೊಪ್ಪು ಹೇಗೆ ಹಾಕಬೇಕು, ರೋಗ ಬಿದ್ದರೆ ಏನು ಮಾಡಬೇಕು ಅಂತ, ಅವನಿಗಿಂತ ಚೆನ್ನಾಗಿ ತಿಳಿದವರಿಗೇ ತಿಳಿಸಿ ಮಜ್ಜಿಗೆ ಕುಡಿದು ಬರುವ ಕೆಲಸ. ಆದರೆ ಊರಲ್ಲಿ ಅವನನ್ನು ಯಾರೂ ಬರೀ ಕೋನಪ್ಪ ಅನ್ನುತ್ತಿರಲಿಲ್ಲ, ಥೈಲ್ಯಾಂಡ್ ಕೋನಪ್ಪ ಅನ್ನುತ್ತಿದ್ದರು. ಟೀ ಅಂಗಡಿಗೆ ಹೋದರೆ ಬೆಂಚಿನಿಂದ ಎದ್ದು ಜಾಗ ಬಿಡುತ್ತಿದ್ದರು. ಅವನ ಹೆಂಡತಿ ವೆಂಕಟರತ್ನಮ್ಮನಿಗೆ ಮದುವೆ ಮನೆಗಳಲ್ಲಿ ಮುಂದಿನ ಸಾಲಿನ ಕುರ್ಚಿ. ತನ್ನ ಗಂಡನಿಗೆ ರೈಸ್ ಮಿಲ್ ಇದೆ ಅಂತ ತಂಗಿಯ ಕಡೆ ಕಣ್ಣೆತ್ತಿಯೂ ನೋಡದಿದ್ದ ಚಿಂತಾಮಣಿಯ ಅಕ್ಕ ಅಶ್ವತ್ಥಮ್ಮ, ಈಗ ಹಬ್ಬಕ್ಕೆ ತಾನೇ ಬಂದು ಕುಂಕುಮ ಇಟ್ಟು ಕರೆಯುತ್ತಿದ್ದಳು. ಇಷ್ಟೆಲ್ಲ ಮರ್ಯಾದೆ ತಂದುಕೊಟ್ಟ ಥೈಲ್ಯಾಂಡನ್ನು ಕೋನಪ್ಪ ಭೂಪಟದಲ್ಲೂ ಸರಿಯಾಗಿ ನೋಡಿರಲಿಲ್ಲ.

ನಡೆದದ್ದು ಇಷ್ಟು. ಎಂಬತ್ತರ ದಶಕ ಮುಗಿಯುವ ಹೊತ್ತಿನಲ್ಲಿ, ಥೈಲ್ಯಾಂಡಿನಲ್ಲಿ ರೇಷ್ಮೆ ಹೇಗೆ ಬೆಳೆಯುತ್ತಾರೆ ಅಂತ ನೋಡಿಕೊಂಡು ಬರಲು ಎರಡು ವಾರಕ್ಕೆ ಕೆಲವರನ್ನು ಕಳಿಸುವುದೆಂದಾಯಿತು. ಈ ತಾಲ್ಲೂಕಿನಿಂದ ಆರಿಸಿದ್ದು ಕೋನಪ್ಪನೊಬ್ಬನನ್ನೇ. ಬಸ್ ನಿಲ್ದಾಣದಲ್ಲಿ ಬ್ಯಾಂಡು ಬಾರಿಸಿದರು, ಕುತ್ತಿಗೆ ಕಾಣದಷ್ಟು ಹಾರ ಹಾಕಿದರು, ಅಶ್ವತ್ಥಮ್ಮ ಚಿಂತಾಮಣಿಯಿಂದ ಬಂದು ಅತ್ತಳು. ಮದ್ರಾಸಿನ ವಿಮಾನ ನಿಲ್ದಾಣದ ಬಾಗಿಲಿನವರೆಗೆ ಎಲ್ಲವೂ ಸಾಂಗವಾಗಿ ನಡೆಯಿತು. ಅಲ್ಲಿ ಅವನ ಆಗಿನ ಸಾಹೇಬರು ಅವನನ್ನು ಪಕ್ಕಕ್ಕೆ ಕರೆದು, ಅವನ ಸೀಟಿನಲ್ಲಿ ತಮ್ಮ ಬಾಮೈದ ಹೋಗುತ್ತಿರುವುದಾಗಿಯೂ, ಇದು ಮೇಲಿನಿಂದಲೇ ಆದ ತೀರ್ಮಾನವೆಂದೂ, ಮೇಲೆ ಅಂದರೆ ಯಾರು ಅಂತ ಕೇಳಬಾರದೆಂದೂ ತಿಳಿಸಿದರು. ಕೊನೆಗೆ ಬೆನ್ನು ತಟ್ಟಿ, ನೀನೂ ಹೋಗಿಬಂದೆ ಅಂತಲೇ ಇರಲಿ, ನನ್ನ ಬಾಯಿಂದ ಒಂದು ಮಾತೂ ಹೊರಗೆ ಬರಲ್ಲ, ನಿನ್ನ ಬಾಯಿಂದಲೂ ಬರೋದು ಬೇಡ ಅಂದರು.

ಬಂದ ದಾರಿಗೆ ಸುಂಕವಿಲ್ಲ ಅಂತ ತಿರುಗಿ ಹೋಗಬಹುದಿತ್ತು. ಆದರೆ ಬ್ಯಾಂಡು ಬಾರಿಸಿದ ಊರಿಗೆ ಹಾರದ ಹೂವು ಬಾಡುವ ಮೊದಲೇ ವಾಪಸು ಹೋಗುವುದು ಹೇಗೆ? ಕೋನಪ್ಪ ಎರಡು ವಾರ ಮದ್ರಾಸಿನ ಒಂದು ಛತ್ರದಲ್ಲಿ ಉಳಿದ. ಬೆಳಿಗ್ಗೆ ಮೊಸರನ್ನ ತಿನ್ನುತ್ತಿದ್ದ, ಸಂಜೆ ಸಮುದ್ರ ನೋಡುತ್ತಿದ್ದ, ರಾತ್ರಿ ಮತ್ತೆ ಮೊಸರನ್ನ ತಿನ್ನುತ್ತಿದ್ದ. ಬರ್ಮಾ ಬಜಾರಿನಲ್ಲಿ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಒಂದು ಛತ್ರಿ ಕೊಂಡು ಊರಿಗೆ ಬಂದಿಳಿದ. ಬಸ್ ನಿಲ್ದಾಣದಲ್ಲಿ ಆ ಛತ್ರಿ ಪಟ್ ಅಂತ ಬಿಚ್ಚಿಕೊಂಡಾಗ ಜನ ಹಿಂದಕ್ಕೆ ಸರಿದರು. ಅಲ್ಲಿಗೆ ಅವನು ಥೈಲ್ಯಾಂಡ್ ಕೋನಪ್ಪನಾದ.

ಆಮೇಲೆ ವರ್ಷಗಟ್ಟಲೆ ಪ್ರಶ್ನೆಗಳು. ಕೋನಪ್ಪ ಸುಳ್ಳಿನಲ್ಲೂ ಮಿತವಾಗಿರುವ ಮನುಷ್ಯ. ಅಲ್ಲಿ ಏನು ತಿನ್ನುತ್ತಾರೆ ಅಂತ ಕೇಳಿದರೆ, ಅದು ಬುದ್ಧನ ದೇಶವೆಂದೂ, ಮಾಂಸದ ಮಾತು ಹಾಗಿರಲಿ, ಅಲ್ಲಿಯವರು ಈರುಳ್ಳಿಯನ್ನೂ ಮುಟ್ಟುವುದಿಲ್ಲವೆಂದೂ, ಅನ್ನಕ್ಕೆ ತೆಂಗಿನಕಾಯಿ ಬೆಲ್ಲ ಹಾಕಿ ಉಪ್ಪಿಲ್ಲದೆ ಉಣ್ಣುತ್ತಾರೆಂದೂ ಹೇಳಿದ. ಯಾರೂ ಹೋಗಿ ನೋಡಿ ಬರುವ ಹಾಗಿರಲಿಲ್ಲ. ಆ ಸಾಹೇಬರು ನಿವೃತ್ತರಾಗಿ ತಮ್ಮ ಊರು ಸೇರಿಕೊಂಡರು. ಕೋನಪ್ಪ ನಿಶ್ಚಿಂತೆಯಾಗಿ ನಿದ್ದೆ ಮಾಡತೊಡಗಿದ.

ನಿದ್ದೆ ಕೆಡಿಸಿದವರು ಹೊಸ ಸಾಹೇಬರಾದ ನಲ್ಲಪ್ಪನವರು. ಉತ್ಸಾಹದ ಮನುಷ್ಯ. ಒಂದು ದಿನ ಬೆಳಿಗ್ಗೆ ಸಿಬ್ಬಂದಿಯನ್ನೆಲ್ಲ ಸೇರಿಸಿ, ಥೈಲ್ಯಾಂಡಿನಿಂದ ರೇಷ್ಮೆ ತೆಗೆಯುವ ಹೆಣ್ಣುಮಕ್ಕಳ ಒಂದು ತಂಡ ನಮ್ಮ ಊರು ನೋಡಲು ಬರುತ್ತಿದೆ ಅಂದರು. ಅವರ ಗೌರವಾರ್ಥ ಶಾಲೆಯ ಬಯಲಿನಲ್ಲಿ 'ಥಾಯ್ ಮತ್ತು ಬಹುಸಂಸ್ಕೃತಿ ಆಹಾರ ಹಾಗೂ ಸಂಗೀತ ಉತ್ಸವ' ನಡೆಯಬೇಕು, ಎಲ್ಲರೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರಬೇಕು. ನಮ್ಮ ಮುಸ್ಲಿಮರ ಮನೆಯ ಬಿರಿಯಾನಿ ಇರಲಿ, ಆಂಧ್ರದ ಗೋಂಗೂರ ಇರಲಿ, ಮುದ್ದೆ ಹಿತಕಿದ ಬೇಳೆ ಸಾರು ಇರಲಿ, ಕೈವಾರದ ಭಜನೆಯವರು ತತ್ತ್ವಪದ ಹಾಡಲಿ. ಇನ್ನು ಥೈಲ್ಯಾಂಡಿನ ಅಡಿಗೆ, ಥೈಲ್ಯಾಂಡಿನ ಸಂಗೀತ, ಇವೆರಡಕ್ಕೆ ಬೇರೆ ಊರಿನಿಂದ ಯಾರನ್ನೂ ಕರೆಸುವ ದರಿದ್ರ ನಮಗಿಲ್ಲ ಅಂತ ಹೇಳಿ ಅವರು ಕೋನಪ್ಪನ ಕಡೆ ತಿರುಗಿ ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೋನಪ್ಪನಿಗೆ ಆ ಚಪ್ಪಾಳೆ ತನ್ನ ಕೆನ್ನೆಯ ಮೇಲೇ ಬಿದ್ದ ಹಾಗಾಯಿತು. ಮೊದಲು ಜ್ವರ ಅಂದ. ಸಾಹೇಬರೇ ಡಾಕ್ಟರನ್ನು ಮನೆಗೆ ಕಳಿಸಿದರು. ತೊಂಡೇಬಾವಿಯ ದೊಡ್ಡಮ್ಮ ತೀರಿಹೋದಳು ಅಂದ. ಆ ದೊಡ್ಡಮ್ಮ ಅವನ ರಜೆಗೋಸ್ಕರ ಈಗಾಗಲೇ ಎರಡು ಸಲ ತೀರಿಹೋಗಿದ್ದಳಾದ್ದರಿಂದ ಅದೂ ನಡೆಯಲಿಲ್ಲ. ಇತ್ತ ಮನೆಯಲ್ಲಿ ವೆಂಕಟರತ್ನಮ್ಮ ಚಿಂತಾಮಣಿಗೆ ಸುದ್ದಿ ಮುಟ್ಟಿಸಿ, ಬೀದಿಗೆಲ್ಲ ಹೇಳಿ, ರೇಷ್ಮೆ ಸೀರೆಯನ್ನು ಇಸ್ತ್ರಿಗೆ ಕೊಟ್ಟಾಗಿತ್ತು. ನಿಜ ಹೇಳಿಬಿಡೋಣ ಅಂತ ಅವನು ಎರಡು ಮೂರು ಸಲ ಬಾಯಿ ತೆರೆದ. ಪ್ರತಿ ಸಲವೂ ಅವಳ ಮುಖದಲ್ಲಿದ್ದ ಹಿಗ್ಗು ಕಂಡು ಬಾಯಿ ಮುಚ್ಚಿದ. ಪಾಪ, ಮದುವೆಯಾದಾಗಿನಿಂದ ಅವಳಿಗೆ ಅವನು ತಂದುಕೊಟ್ಟ ಸುಖ ಅಂದರೆ ಆ ಒಂದು ಹೆಸರೇ.

ಸರಿ, ಕೋನಪ್ಪ ಕೆಲಸಕ್ಕಿಳಿದ. ಅಡಿಗೆಯೇನೋ ಸುಲಭ, ತೆಂಗಿನಕಾಯಿ ಬೆಲ್ಲದ ಅನ್ನ. ಸಂಗೀತಕ್ಕೆ ಮಾತ್ರ ತಲೆ ಓಡಿಸಬೇಕಾಯಿತು. ಭಜನೆಯ ಧಾಟಿಯೊಂದಕ್ಕೆ ಬಾಯಿಗೆ ಬಂದ ಅಕ್ಷರಗಳನ್ನು ಕೂರಿಸಿ, ಅರ್ಥವಿಲ್ಲದ್ದೊಂದು ಸ್ವಾಗತಗೀತೆ ಕಟ್ಟಿ, ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಕಲಿಸಲು ಕೂತ. ಒಬ್ಬಳು ಒಂದು ಅಕ್ಷರ ತಪ್ಪಿಸಿದ್ದಕ್ಕೆ, ಅದು ಥಾಯ್ ಭಾಷೆಯಲ್ಲಿ ಅಪಾರ್ಥವಾಗುತ್ತದೆ ಅಂತ ಗದರಿಸಿ ಹತ್ತು ಸಲ ಹೇಳಿಸಿದ. ಕೇಳುತ್ತಿದ್ದ ಸಂಗೀತದ ಟೀಚರು ಅಕ್ಕಯಮ್ಮನವರು, ಪರಭಾಷೆಯ ಮೇಲೆ ಎಂಥ ಹಿಡಿತ ಅಂತ ಬೆರಗಾದರು.

ಉತ್ಸವದ ದಿನ ಬಂದೇ ಬಂತು. ಬಯಲಿನ ತುಂಬ ಶಾಮಿಯಾನ, ಒಂದು ಕಡೆ ಬಿರಿಯಾನಿಯ ಹಂಡೆ, ಇನ್ನೊಂದು ಕಡೆ ಮುದ್ದೆಯ ಕೋಲು. ಮುಂದಿನ ಸಾಲಿನಲ್ಲಿ ವೆಂಕಟರತ್ನಮ್ಮ, ಪಕ್ಕದಲ್ಲಿ ಅಶ್ವತ್ಥಮ್ಮ. ಥೈಲ್ಯಾಂಡಿನ ಹೆಣ್ಣುಮಕ್ಕಳು ಬಂದು ಕೈಮುಗಿದು ಕೂತರು. ಅವರ ಹಿರಿಯಳು ಸೋಂಜಿತ್ ಅನ್ನುವಾಕೆ, ನಗುಮುಖದ, ಕೈಯಲ್ಲಿ ಕೆಲಸ ಮಾಡಿದ ಗುರುತಿದ್ದ ಹೆಂಗಸು, ಸ್ವಲ್ಪ ಇಂಗ್ಲಿಷ್ ಬಲ್ಲವಳು. ಅದನ್ನು ಕನ್ನಡಕ್ಕೆ ತಿರುಗಿಸಲು ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದ ಅಖ್ತರಿ ಬಂದಿದ್ದಳು. ಅವಳು ಬಯಲಿನ ಪಕ್ಕದಲ್ಲೇ ಶೆಡ್ಡು ಇಟ್ಟುಕೊಂಡು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಖಲೀಮುಲ್ಲಾನ ಅಣ್ಣನ ಮಗಳು.

ಹುಡುಗಿಯರು ಹಾಡಿದರು. ಊರಿನವರು ಇದು ಥಾಯ್ ಅಂತ ಭಕ್ತಿಯಿಂದ ಕೇಳಿದರು. ಥೈಲ್ಯಾಂಡಿನವರು ಇದು ಈ ಊರಿನ ಭಾಷೆ ಅಂತ ಭಕ್ತಿಯಿಂದ ಕೇಳಿದರು. ಹಾಡು ಮುಗಿದ ಮೇಲೆ ಸೋಂಜಿತ್ ಎದ್ದು, ಬಹಳ ಇಂಪಾಗಿದೆ, ಇದು ಕನ್ನಡವೋ ತೆಲುಗೋ ಅಂತ ಕೇಳಿದಳು. ಅಖ್ತರಿ ಅದನ್ನು ಮೈಕಿನಲ್ಲಿ ಹೇಳಿಯೂಬಿಟ್ಟಳು. ಕೋನಪ್ಪ ನಲ್ಲಪ್ಪನವರ ಕಿವಿಯ ಹತ್ತಿರ ಬಗ್ಗಿ, ಅದು ಥೈಲ್ಯಾಂಡಿನ ಗ್ರಂಥಭಾಷೆ, ಇವರು ಹಳ್ಳಿಯ ಕಡೆಯವರು, ಪಾಪ ತಿಳಿಯಲ್ಲ ಅಂದ. ಸಾಹೇಬರು ಕನಿಕರದಿಂದ ತಲೆಯಾಡಿಸಿದರು. ಬೆಲ್ಲದನ್ನ ತಿಂದಾಗಲೂ ಸೋಂಜಿತ್, ನಿಮ್ಮ ಊರಿನ ಈ ತಿಂಡಿಯ ಹೆಸರೇನು ಅಂತ ಕೇಳಿದಳು. ಕೋನಪ್ಪ ಅದನ್ನೂ ದಕ್ಷಿಣ ಥೈಲ್ಯಾಂಡಿನ ತಲೆಗೆ ಕಟ್ಟಿ, ಬೆವರು ಒರೆಸಿಕೊಂಡ. ಇನ್ನೇನು, ವಂದನಾರ್ಪಣೆಯೊಂದು ಬಾಕಿ. ದೇವರು ದೊಡ್ಡವನು ಅಂದುಕೊಂಡ.

ದೇವರು ದೊಡ್ಡವನೇ. ಆದರೆ ಅವನಿಗೆ ಆ ಹೊತ್ತು ಕೋನಪ್ಪನೊಬ್ಬನದೇ ಕೆಲಸವಿರಲಿಲ್ಲ.

ಗಾಳಿ ತಿರುಗಿತು. ಖಲೀಮುಲ್ಲಾನ ಶೆಡ್ಡಿನ ಕಡೆಯಿಂದ ವಾಸನೆ ಬಂತು. ನೂಲು ಬಿಚ್ಚಲು ಗೂಡನ್ನು ಬಿಸಿನೀರಿಗೆ ಹಾಕುತ್ತಾರಲ್ಲ, ನೂಲೆಲ್ಲ ಸುತ್ತಿಕೊಂಡ ಮೇಲೆ ಒಳಗೆ ಬೆಂದ ಹುಳ ಉಳಿಯುತ್ತದೆ. ಅದನ್ನು ಬುಟ್ಟಿಗೆ ಹಾಕಿಟ್ಟು, ಕೋಳಿಯ ಆಹಾರಕ್ಕೆ ಅಂತ ಲಾರಿಯವರಿಗೆ ಕೊಡುವುದು ವಾಡಿಕೆ. ಹೊಸಬರು ಶಿಡ್ಲಘಟ್ಟದಲ್ಲಿ ಬಸ್ಸಿಳಿದ ಕೂಡಲೇ ಮೂಗು ಮುಚ್ಚಿಕೊಳ್ಳುವುದು ಅದಕ್ಕೇ. ಸೋಂಜಿತ್ ಮೂಗು ಮುಚ್ಚಿಕೊಳ್ಳಲಿಲ್ಲ. ಮುಖ ಅರಳಿಸಿ ತನ್ನ ಜೊತೆಯವರಿಗೆ ಏನೋ ಹೇಳಿದಳು. ಅವರೆಲ್ಲ ಎದ್ದು ಸೀದಾ ಶೆಡ್ಡಿಗೆ ನಡೆದರು. ಹಿಂದೆ ನಲ್ಲಪ್ಪನವರು, ಅವರ ಹಿಂದೆ ಅರ್ಧ ಊರು.

ಅಲ್ಲಿ ಸೋಂಜಿತ್ ಆಗಷ್ಟೇ ನೂಲು ಬಿಚ್ಚಿದ ಒಂದು ಹುಳವನ್ನು ಬಿಸಿನೀರಿನಿಂದ ಎತ್ತಿ, ಊದಿ, ಬಾಯಿಗೆ ಹಾಕಿಕೊಂಡಳು. ಖಲೀಮುಲ್ಲಾ ಗೋಡೆಗೆ ಒರಗಿ ಅಲ್ಲಾನನ್ನು ನೆನೆದ. ಆಕೆ ನಗುತ್ತ, ಒಂದು ಬಾಣಲೆ, ಎಣ್ಣೆ, ಉಪ್ಪು ಸಿಕ್ಕೀತೇ ಅಂತ ಕೇಳಿದಳು. ಬಾಣಲೆ ಬಂತು. ವೇದಿಕೆಯ ಮುಂದೆಯೇ ಒಲೆ ಹೂಡಿ ಒಂದು ಬೋಗುಣಿ ತಾಜಾ ಹುಳವನ್ನು ಗರಿಗರಿಯಾಗಿ ಹುರಿದಳು. ಜೊತೆಯವರು ತಮ್ಮ ಊರಿನ ನಿಜವಾದ ಹಾಡೊಂದನ್ನು ಹೇಳಿದರು. ಅದು ಕೋನಪ್ಪ ಕಲಿಸಿದ್ದಕ್ಕಿಂತ ಬಹಳ ಚೆನ್ನಾಗಿತ್ತು. ಆದರೆ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮೊದಲ ಹಿಡಿಯನ್ನು ಬಾಳೆಲೆಯ ಚೂರಿನ ಮೇಲೆ ಹಾಕಿಕೊಂಡು ಸೋಂಜಿತ್ ಕೋನಪ್ಪನ ಮುಂದೆ ಬಂದು ನಿಂತಳು.

ಅಖ್ತರಿ ಮೈಕಿನಲ್ಲಿ ಹೇಳಿದಳು: "ಅವ್ರ ಊರಲ್ಲಿ ರೇಷ್ಮೆ ತೆಗೆಯೋರ ಮನೆಗೆ ಹೋದೋರಿಗೆ ಇದನ್ನ ಕೊಡ್ದೆ ಕಳ್ಸೋದೇ ಇಲ್ವಂತೆ. ಅಂಕಲ್ ಎರಡು ವಾರ ಅಲ್ಲಿದ್ದೋರು, ಬೇಕಾದಷ್ಟು ತಿಂದಿರ್ತಾರೆ, ಅವ್ರಿಗೇ ಮೊದ್ಲು ಅಂತಿದಾರೆ."

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಹುಳ ಅಂದರೆ ಬರೀ ಹುಳವಲ್ಲ. ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಸ್ನಾನ ಮಾಡದೆ ಸೊಪ್ಪು ಹಾಕುವ ಹಾಗಿಲ್ಲ, ಒಗ್ಗರಣೆಯ ವಾಸನೆ ಕೂಡ ತಾಗಬಾರದು. ವೆಂಕಟರತ್ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹುಳ ಸಾಕುತ್ತಿದ್ದಳು. ಹುಳ ಸೊಪ್ಪು ಬಿಟ್ಟು ಪೊರೆ ಕಳಚುವ ನಾಲ್ಕನೇ ಜ್ವರಕ್ಕೆ ಬಿದ್ದಾಗ ಅದರ ಪಕ್ಕದಲ್ಲೇ ಚಾಪೆ ಹಾಕಿ ಮಲಗುವವಳು, ಅದನ್ನು ನಮ್ಮ ಅನ್ನದಾತ ಅನ್ನುವವಳು. ಗೂಡು ಮಾರಿದ ಮೇಲೆ ನೂಲು ತೆಗೆಯುವ ರೀಲರ್ ಮನೆಯ ಬಿಸಿನೀರಿನಲ್ಲಿ ಅದಕ್ಕೆ ಏನಾಗುತ್ತದೆ ಅನ್ನುವುದನ್ನು ಅವಳು ಯೋಚಿಸುತ್ತಿರಲಿಲ್ಲ. ಯೋಚಿಸಿದರೆ ಸಂಸಾರ ನಡೆಯುತ್ತದೆಯೇ?

ಈಗ ನೋಡಿ ಕೋನಪ್ಪನ ಪಾಡು. ತಿಂದರೆ, ಎರಡು ವಾರ ಅನ್ನದಾತನನ್ನೇ ಹುರಿದು ತಿಂದು ಬಂದು, ಈರುಳ್ಳಿಯನ್ನೂ ಮುಟ್ಟಲ್ಲ ಅಂತ ಊರಿಗೆ ಸುಳ್ಳು ಹೇಳಿದ ಹಾಗಾಯಿತು. ತಿನ್ನದಿದ್ದರೆ, ಥೈಲ್ಯಾಂಡಿಗೆ ಹೋಗೇ ಇಲ್ಲ ಅಂತಾಯಿತು. ಅತ್ತ ದರಿ, ಇತ್ತ ಪುಲಿ. ಮುಂದಿನ ಸಾಲಿನಲ್ಲಿ ವೆಂಕಟರತ್ನಮ್ಮನ ಕಣ್ಣು ಅವನ ಮೇಲೆ, ಅಶ್ವತ್ಥಮ್ಮನ ಕಣ್ಣು ವೆಂಕಟರತ್ನಮ್ಮನ ಮೇಲೆ. ತನ್ನ ಹೆಸರು ಹೋದರೆ ಹೋಗಲಿ, ಅಕ್ಕನ ಮುಂದೆ ಅವಳ ಕುರ್ಚಿ ಹೋಗಬಾರದು ಅಂತ ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿತು. ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಒಂದು ಹಿಡಿ ಬಾಯಿಗೆ ಹಾಕಿಕೊಂಡ.

ಅಲ್ಲಿಗೆ ನಿಲ್ಲಿಸಿದ್ದರೆ ಹೇಗೋ ಆಗುತ್ತಿತ್ತು. ಕಷ್ಟಪಟ್ಟು ನುಂಗಿದ, ದಾಕ್ಷಿಣ್ಯಕ್ಕೆ ತಿಂದ ಅನ್ನುತ್ತಿದ್ದರು. ಆದರೆ ಬೆಳಗಿನಿಂದ ಗಾಬರಿಯಲ್ಲಿ ಅವನು ಒಂದು ತುತ್ತೂ ತಿಂದಿರಲಿಲ್ಲ. ಹುರಿದದ್ದು ಉಪ್ಪುಪ್ಪಾಗಿ, ಹುರಿಗಡಲೆಯ ಹಾಗೆ ಕುರುಕುರು ಅನ್ನುತ್ತಿತ್ತು. ಕೋನಪ್ಪನಿಗೆ ತಿಳಿಯದ ಹಾಗೇ ಅವನ ಕೈ ಬಾಳೆಲೆಗೆ ಹೋಗಿ ಎರಡನೇ ಹಿಡಿ ತೆಗೆದುಕೊಂಡಿತು.

ನಲ್ಲಪ್ಪನವರು ಮೈಕ್ ಕಿತ್ತುಕೊಂಡು, ನೋಡಿ ಬಂಧುಗಳೇ, ಅಭ್ಯಾಸ ಅಂದರೆ ಹೀಗಿರುತ್ತದೆ ಅಂದರು. ಸೋಂಜಿತ್ ಸಂತೋಷದಿಂದ ಕೈಮುಗಿದಳು. ಅಶ್ವತ್ಥಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಏಮಿ ಕರ್ಮಮೇ ಇದಿ, ದಿನಾ ಇಂಥೋರ ಪಕ್ಕ ಹೆಂಗೆ ಮಲಗ್ತೀಯೇ ತಾಯಿ" ಅಂದಳು. ವೆಂಕಟರತ್ನಮ್ಮ ಎದ್ದು ಮನೆಗೆ ಹೋದಳು. ಮುಂದಿನ ಸಾಲಿನ ಆ ಕುರ್ಚಿ ಖಾಲಿಯಾದದ್ದನ್ನು ಕೋನಪ್ಪ ಬಾಯಿ ತುಂಬಿಕೊಂಡೇ ನೋಡಿದ.

ಮನೆಗೆ ಹೋಗುವ ಹೊತ್ತಿಗೆ ಅವನ ತಟ್ಟೆ, ಲೋಟ, ಚಾಪೆ ಮೂರೂ ಹೊರಗಿನ ಜಗಲಿಗೆ ಬಂದಿದ್ದವು. ಒಳಗೆ ಹುಳ ಹಣ್ಣಾಗುತ್ತಿತ್ತು, ಇನ್ನೇನು ಗೂಡು ಕಟ್ಟುವ ಸಮಯ. ಇಂಥ ಹೊತ್ತಿನಲ್ಲಿ ಅದನ್ನು ತಿಂದ ಬಾಯಿಯವರು ಮನೆಯೊಳಗೆ ಓಡಾಡಿದರೆ ಹುಳಕ್ಕೆ ಗೊತ್ತಾಗುವುದಿಲ್ಲವೇ, ಹೆದರಿಕೊಂಡು ಗೂಡೇ ಕಟ್ಟದೆ ಹೋದರೆ ಯಾರು ದಿಕ್ಕು ಅನ್ನುವುದು ಅವಳ ವಾದ. ಕೋನಪ್ಪ ಬಾಯಿ ಮುಕ್ಕಳಿಸಿದ, ಕೈವಾರಕ್ಕೆ ಹೋಗಿ ಬಂದ, ತಲೆ ಬೋಳಿಸಿಕೊಂಡ. ಬೋಳು ತಲೆಯಲ್ಲಿ ಜಗಲಿಯ ಮೇಲೇ ಕೂತ.

ಸುದ್ದಿ ರೆಕ್ಕೆ ಕಟ್ಟಿಕೊಂಡು ಗೌರಿಬಿದನೂರಿನವರೆಗೂ ಹೋಯಿತು. ಅವನ ಕೆಲಸವೇ ಹುಳದ ಮನೆಗಳಿಗೆ ಹೋಗುವುದು. ಈಗ ಅವನ ಸೈಕಲ್ ಕಂಡರೆ ರೈತರು ಬಾಗಿಲು ಎಳೆದುಕೊಂಡರು. ಗಂಗುಲಪ್ಪ ಅನ್ನುವ ಮುದುಕ, ಅವನನ್ನು ಬಹಳ ಗೌರವದಿಂದ ಬೇಲಿಯ ಹತ್ತಿರವೇ ನಿಲ್ಲಿಸಿ, "ಅಲ್ಲೇ ಇರಪ್ಪ ಸಾಮಿ, ನಮ್ ಹುಳ ಇನ್ನೂ ಚಿಕ್ಕವು" ಅಂದ. ಯಾರದೋ ಮನೆಯಲ್ಲಿ ಹುಳಕ್ಕೆ ರೋಗ ಬಿತ್ತು. ಹಿಂದಿನ ವಾರ ಕೋನಪ್ಪ ಆ ರಸ್ತೆಯಲ್ಲಿ ಹೋಗಿದ್ದ ಅನ್ನುವುದಕ್ಕೆ ಸಾಕ್ಷಿಗಳು ಸಿಕ್ಕಿದರು. ನಲ್ಲಪ್ಪನವರು ಬೇಜಾರು ಮಾಡಿಕೊಂಡು ಅವನನ್ನು ಉಗ್ರಾಣದಲ್ಲಿ ಗೋಣಿಚೀಲ ಕಾಯಲು ಹಾಕಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಎರಡನೇ ಹಿಡಿಗೆ ಹೋದ ಮಾನಕ್ಕೆ ಏನು ಕೊಡಬೇಕೋ ಯಾರಿಗೂ ಗೊತ್ತಿಲ್ಲ.

ಖಲೀಮುಲ್ಲಾ ಒಬ್ಬನೇ ಆಗಾಗ ಬಂದು ಜಗಲಿಯ ಮೇಲೆ ಕೂತು ಹೋಗುತ್ತಿದ್ದ. ಒಂದು ದಿನ ಕೋನಪ್ಪ ಎದೆಯ ಭಾರ ತಡೆಯಲಾರದೆ ಅವನಿಗೆ ಮದ್ರಾಸಿನ ಕಥೆಯನ್ನೆಲ್ಲ ಹೇಳಿದ. ಖಲೀಮುಲ್ಲಾ ಅವನ ಬೆನ್ನು ಸವರಿ ಅಂದ: "ಕೋನಣ್ಣ, ನಾನು ನಿನ್ ದೋಸ್ತು, ನನ್ ಹತ್ರ ಯಾಕ್ ಸುಳ್ಳು? ಹೊಸಬರು ಯಾರಾದ್ರೂ ಎರಡನೇ ಸಲ ಕೈ ಹಾಕ್ತಾರಾ?"

ಆದರೂ ಹೆಂಡತಿ ನಂಬಿಯಾಳು ಅಂತ ಅವನಿಗೊಂದು ಆಸೆ. ಸುಳ್ಳಿನಿಂದ ಹೊರಗೆ ಬಿದ್ದವನನ್ನು ಸತ್ಯ ಒಳಗೆ ಕರೆದುಕೊಳ್ಳದೆ ಇರುತ್ತದೆಯೇ? ಹುಳವೆಲ್ಲ ಚೆನ್ನಾಗಿಯೇ ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ದಿನ ಸಂಜೆ, ವೆಂಕಟರತ್ನಮ್ಮ ಸ್ವಲ್ಪ ಹಗುರವಾಗಿದ್ದಾಳೆ ಅನ್ನಿಸಿ, ಹೊಸ್ತಿಲಿನ ಆಚೆ ನಿಂತೇ ಬಾಯಿಬಿಟ್ಟ.

"ರತ್ನ, ನಾನು ಥೈಲ್ಯಾಂಡಿಗೆ ಹೋಗೇ ಇಲ್ಲ ಕಣೇ."

ಅವಳು ಮುದ್ದೆ ತಿರುವುತ್ತಿದ್ದ ಕೋಲನ್ನು ಕೆಳಗಿಟ್ಟಳು. "ಮತ್ತೆ ಆ ಎರಡು ವಾರ ಎಲ್ಲಿದ್ರಿ?"

"ಮದ್ರಾಸಲ್ಲಿ. ಒಂದು ಛತ್ರದಲ್ಲಿ."

"ಯಾರ ಜೊತೆ?"

"ಯಾರೂ ಇಲ್ಲ. ಒಬ್ನೇ ಇದ್ದೆ."

"ಒಬ್ರೇ. ಎರಡು ವಾರ. ನಂಗೂ ಹೇಳ್ದೆ. ಏನ್ ಮಾಡ್ತಿದ್ರಿ?"

"ಸಮುದ್ರ ನೋಡ್ತಿದ್ದೆ."

ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಹುಡುಕಿದರೂ ಈ ಮಾತನ್ನು ನಂಬುವ ಹೆಂಡತಿ ಸಿಗಲಾರಳು. ವೆಂಕಟರತ್ನಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಹುಳ ತಿಂದ ದಿನ ಅವಳ ಕಣ್ಣಿನಲ್ಲಿ ಅಸಹ್ಯವಿತ್ತು, ನೀರಿರಲಿಲ್ಲ. ಈಗ ನೀರು ಬಂತು.

"ನಮ್ಮ ಅಣ್ಣಂದಿರ್ನ ಕರೆಸ್ತೀನಿ. ಅವ್ರ ಮುಂದೆ ಹೇಳಿ ಅವಳು ಯಾರು ಅಂತ" ಅಂದಳು.

ಮೊಸರನ್ನಕ್ಕೆ, ಸಮುದ್ರಕ್ಕೆ, ಛತ್ರದ ಕಂಬಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಸಾಕ್ಷಿ ಇದ್ದದ್ದು ಸುಳ್ಳಿಗೆ ಮಾತ್ರ, ಅದಕ್ಕೆ ಊರಿಗೆ ಊರೇ ಇತ್ತು. ಕೋನಪ್ಪ ಹಿಂದಕ್ಕೆ ಸರಿದು ಜಗಲಿಯ ಮೇಲೆ ತನ್ನ ಜಾಗದಲ್ಲಿ ಕೂತ.

"ಇಲ್ಲ ಕಣೇ. ಥೈಲ್ಯಾಂಡಿಗೇ ಹೋಗಿದ್ದೆ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹುಳ?"

"ತಿಂದೆ."

"ದಿನಾನಾ?"

"ದಿನಾ. ಎರಡು ಹೊತ್ತೂ."

ವೆಂಕಟರತ್ನಮ್ಮ ಉಸಿರು ಬಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನೆಮ್ಮದಿ ಕಂಡಿತು. ಇದನ್ನ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವೇ, ಸುಮ್ಮನೆ ಜೀವ ಹೋಗೋ ಹಾಗೆ ಮಾಡಿದಿರಲ್ಲ ಅನ್ನುತ್ತ, ಹೊಸ್ತಿಲಿನ ಒಳಗೇ ನಿಂತು, ಕೈ ಚಾಚಿ, ಅವನ ತಟ್ಟೆಗೆ ಮುದ್ದೆ ಹಾಕಿ ಒಳಗೆ ಹೋದಳು.